ಯಂತ್ರಶಿಲ್ಪಿ ಫ್ರೆಡ್ ಡ್ಯೂಸೆನ್‌ಬರ್ಗ್

ಮಕ್ಕಳೇ, ರಸ್ತೆಯಲ್ಲಿ ವೇಗವಾಗಿ ಬರುವ ಕಾರನ್ನು ನೀವು ನೋಡಿದ್ದೀರಿ. ಎದುರಿಗೆ ದನವೋ ಕುರಿಮಂದೆಯೋ ಅಡ್ಡ ಬಂದರೆ ಚಾಲಕನು ಕಾಲಿನಿಂದ ಒಂದು ಪೆಡಲನ್ನು ಒತ್ತುತ್ತಾನೆ. ನಾಲ್ಕೂ ಚಕ್ರಗಳಿಗೆ ಒಮ್ಮೆಲೇ ಹಿಡಿತ ಬಿದ್ದು ಕಾರು ನಿಲ್ಲುತ್ತದೆ. ಬಂಡಿಗೆ ಓಡುವುದು ಎಷ್ಟು ಮುಖ್ಯವೋ ನಿಲ್ಲುವುದೂ ಅಷ್ಟೇ ಮುಖ್ಯ. ನೂರು ವರ್ಷಗಳ ಹಿಂದೆ ಹೆಚ್ಚಿನ ಕಾರುಗಳಿಗೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬ್ರೇಕು ಇರುತ್ತಿತ್ತು. ಜನರು ಕೊಳ್ಳುವ ಕಾರಿಗೆ ನಾಲ್ಕೂ ಚಕ್ರಗಳ ದ್ರವದ ಬ್ರೇಕನ್ನು ಮೊದಲು ಅಳವಡಿಸಿದವನು ಫ್ರೆಡ್ ಡ್ಯೂಸೆನ್‌ಬರ್ಗ್. ಅವನು ಯಾವ ಕಾಲೇಜಿನಲ್ಲೂ ಓದಿದವನಲ್ಲ. ಒಂದು ಕಾಲದಲ್ಲಿ ಅವನ ಹೆಸರಿನ ಕಾರು ಅಮೆರಿಕದ ಅತ್ಯಂತ ವೇಗದ, ಅತ್ಯಂತ ಬೆಲೆಬಾಳುವ ಕಾರಾಗಿತ್ತು. ಆದರೆ ಆ ಕಾರಿನ ಕಾರ್ಖಾನೆ ಹೆಚ್ಚು ಕಾಲ ಬಾಳಲಿಲ್ಲ. ಅದು ಹೇಗೆ ಬೆಳೆಯಿತು, ಏಕೆ ಮುಚ್ಚಿತು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಫ್ರೆಡ್ 1876ರ ಡಿಸೆಂಬರ್ 6ರಂದು ಜರ್ಮನಿ ದೇಶದ ಲಿಪ್ಪೆ ಎಂಬ ಸೀಮೆಯಲ್ಲಿ ಹುಟ್ಟಿದನು. ಮೂರು ವರ್ಷಗಳ ನಂತರ ಅವನ ತಮ್ಮ ಆಗಸ್ಟ್ ಹುಟ್ಟಿದನು. ಮಕ್ಕಳು ಚಿಕ್ಕವರಾಗಿರುವಾಗಲೇ ತಂದೆ ತೀರಿಕೊಂಡನು. ಹಿರಿಯ ಮಗನು ಅದಾಗಲೇ ದುಡಿಮೆಗಾಗಿ ಅಮೆರಿಕಕ್ಕೆ ಹೋಗಿದ್ದನು. 1885ರಲ್ಲಿ ತಾಯಿ ಉಳಿದ ಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿದಳು. ಆಗ ಫ್ರೆಡ್‌ಗೆ ಎಂಟು ವರ್ಷ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಭಾಷೆ. ಆ ಕುಟುಂಬವು ಅಮೆರಿಕದ ನಡುಭಾಗದಲ್ಲಿರುವ ಅಯೋವಾ ರಾಜ್ಯದ ರಾಕ್‌ಫರ್ಡ್ ಎಂಬ ಸಣ್ಣ ಊರಿನ ಬಳಿ ನೆಲೆಸಿತು.

ನಮ್ಮ ಭಾಗದಲ್ಲಿ ಜೋಳದ ಹೊಲಗಳಿರುವಂತೆ ಅಯೋವಾದಲ್ಲಿ ಕಣ್ಣು ಹರಿಯುವಷ್ಟು ದೂರ ಮೆಕ್ಕೆಜೋಳದ ಹೊಲಗಳು. ಅಲ್ಲಿಯ ರೈತರು ಬಿತ್ತಲು, ಕೊಯ್ಯಲು ಯಂತ್ರಗಳನ್ನು ಬಳಸುತ್ತಿದ್ದರು. ಬಾವಿಯಿಂದ ನೀರೆತ್ತಲು ಎತ್ತರದ ಗಾಳಿಯಂತ್ರಗಳಿದ್ದವು. ಇವು ಆಗಾಗ ಕೆಡುತ್ತಿದ್ದವು. ಹುಡುಗನಾಗಿದ್ದ ಫ್ರೆಡ್‌ಗೆ ಯಂತ್ರಗಳೆಂದರೆ ಬಲು ಇಷ್ಟ. ಒಂದು ಯಂತ್ರ ನಿಂತುಹೋದರೆ ಅದು ಏಕೆ ನಿಂತಿತು ಎಂದು ಕಂಡುಹಿಡಿಯುವ ತನಕ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಹದಿಹರೆಯದಲ್ಲೇ ಅವನು ಬೇಸಾಯದ ಯಂತ್ರಗಳನ್ನು ಜೋಡಿಸುವ, ರಿಪೇರಿ ಮಾಡುವ ಕೆಲಸಕ್ಕೆ ಸೇರಿದನು. ಎಣ್ಣೆ ಹತ್ತಿದ ಕೈಗಳೇ ಅವನ ಪಾಠಪುಸ್ತಕವಾದವು.

ಆ ಕಾಲದಲ್ಲಿ ಸೈಕಲ್ಲು ಹೊಸ ವಾಹನ. ಊರೂರಲ್ಲಿ ಸೈಕಲ್ ಪಂದ್ಯಗಳು ನಡೆಯುತ್ತಿದ್ದವು. ಫ್ರೆಡ್ ಸೈಕಲ್ ತುಳಿಯುವುದರಲ್ಲಿ ಗಟ್ಟಿಗ. ಅವನು ಪಂದ್ಯಗಳಲ್ಲಿ ಭಾಗವಹಿಸಿದ್ದಲ್ಲದೆ ತಾನೇ ಸೈಕಲ್ಲುಗಳನ್ನು ತಯಾರಿಸತೊಡಗಿದನು. ಪಂದ್ಯದಲ್ಲಿ ಓಡುವ ಸೈಕಲ್ಲು ಹಗುರವಾಗಿರಬೇಕು, ಆದರೆ ಮುರಿಯಬಾರದು. ಎಲ್ಲಿ ಲೋಹವನ್ನು ಕಡಿಮೆ ಮಾಡಬಹುದು, ಎಲ್ಲಿ ಮಾಡಬಾರದು ಎಂಬ ಲೆಕ್ಕವನ್ನು ಅವನು ಆಗಲೇ ಕಲಿತನು. ಈ ಲೆಕ್ಕವೇ ಮುಂದೆ ಅವನ ಕಾರುಗಳಿಗೆ ಆಧಾರವಾಯಿತು.

ಇಪ್ಪತ್ತನೆಯ ಶತಮಾನ ಆರಂಭವಾದಾಗ ಅಮೆರಿಕದಲ್ಲಿ ಮೋಟಾರು ಕಾರುಗಳು ಕಾಣಿಸಿಕೊಂಡವು. ಫ್ರೆಡ್‌ನ ಮನಸ್ಸು ಅತ್ತ ಹರಿಯಿತು. ಅವನು ವಿಸ್ಕಾನ್ಸಿನ್ ರಾಜ್ಯದ ಕೆನೋಶಾ ನಗರಕ್ಕೆ ಹೋಗಿ, ರ‍್ಯಾಂಬ್ಲರ್ ಎಂಬ ಕಾರಿನ ಕಾರ್ಖಾನೆಯಲ್ಲಿ ಕೆಲಕಾಲ ದುಡಿದನು. ಅಲ್ಲಿ ಕೆಲಸ ಕಲಿತು ಅಯೋವಾಕ್ಕೆ ಮರಳಿ, ಡಿ ಮಾಯ್ನ್ ನಗರದಲ್ಲಿ ಕಾರು ದುರಸ್ತಿಯ ಕೆಲಸ ಹಿಡಿದನು. ಬೇರೆಯವರ ಕಾರುಗಳನ್ನು ರಿಪೇರಿ ಮಾಡುತ್ತ ಮಾಡುತ್ತ ಇದಕ್ಕಿಂತ ಒಳ್ಳೆಯ ಕಾರನ್ನು ತಾನೇ ಮಾಡಬಲ್ಲೆನೆಂಬ ನಂಬಿಕೆ ಅವನಿಗೆ ಬಂದಿತು.

ನಂಬಿಕೆಯಿತ್ತು, ಆದರೆ ಹಣವಿರಲಿಲ್ಲ. ಎಡ್ವರ್ಡ್ ಮೇಸನ್ ಎಂಬ ವಕೀಲನು ಹಣ ಹೂಡಲು ಮುಂದೆ ಬಂದನು. 1906ರಲ್ಲಿ ಡಿ ಮಾಯ್ನ್‌ನಲ್ಲಿ ಕಂಪನಿ ಆರಂಭವಾಯಿತು. ಕಾರನ್ನು ರೂಪಿಸಿದವನು ಫ್ರೆಡ್. ಕೈಜೋಡಿಸಿದವನು ತಮ್ಮ ಆಗಸ್ಟ್. ಆದರೆ ಕಾರಿನ ಹೆಸರು ಮಾತ್ರ ಹಣ ಕೊಟ್ಟವನದು. ಅದನ್ನು ಮೇಸನ್ ಕಾರು ಎಂದು ಕರೆದರು. ಎರಡೇ ಸಿಲಿಂಡರಿನ ಎಂಜಿನ್ ಇದ್ದರೂ ಅದು ಗಟ್ಟಿಯಾದ ಕಾರು. ಕೆಲವು ವರ್ಷಗಳ ನಂತರ ಮೇಟ್ಯಾಗ್ ಎಂಬ ಉದ್ಯಮಿ ಆ ಕಂಪನಿಯನ್ನು ಕೊಂಡನು. ಆಗ ಕಾರಿಗೆ ಮೇಟ್ಯಾಗ್ ಹೆಸರು ಸೇರಿಕೊಂಡಿತು. ಇದೇ ಮೇಟ್ಯಾಗ್ ಮುಂದೆ ಬಟ್ಟೆ ಒಗೆಯುವ ಯಂತ್ರಗಳಿಂದ ಹೆಸರಾದನು. ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು. ಫ್ರೆಡ್‌ನ ಬಾಳಿನಲ್ಲಿ ಹಣದ ಲೆಕ್ಕ ಯಾವಾಗಲೂ ಇನ್ನೊಬ್ಬರ ಕೈಯಲ್ಲೇ ಇತ್ತು ಎಂಬುದನ್ನು ಮುಂದೆಯೂ ನೋಡುವಿರಿ.

1913ರಲ್ಲಿ ಅಣ್ಣತಮ್ಮಂದಿರು ಮಿನ್ನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರಕ್ಕೆ ಹೋಗಿ ತಮ್ಮದೇ ಕಂಪನಿಯನ್ನು ತೆರೆದರು. ಡ್ಯೂಸೆನ್‌ಬರ್ಗ್ ಎಂಬ ಹೆಸರು ಈಗ ಕಾರಿನ ಮೇಲೆ ಬಂದಿತು. ಅವರು ಪಂದ್ಯದ ಕಾರುಗಳನ್ನೂ ದೋಣಿಗಳ ಎಂಜಿನ್ನುಗಳನ್ನೂ ತಯಾರಿಸಿದರು. ಫ್ರೆಡ್ ಯೋಚಿಸಿ ಬರೆದುದನ್ನು ಆಗಸ್ಟ್ ಲೋಹದಲ್ಲಿ ಮೂಡಿಸುತ್ತಿದ್ದನು.

ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಕಾರುಗಳ ಪಂದ್ಯಕ್ಕಾಗಿಯೇ ಕಟ್ಟಿದ ದೊಡ್ಡ ಹಾದಿಯಿದೆ. ಅದು ಉದ್ದನೆಯ ಮೊಟ್ಟೆಯ ಆಕಾರದಲ್ಲಿದೆ. ಒಂದು ಸುತ್ತು ಎಂದರೆ ಎರಡೂವರೆ ಮೈಲಿ. ಅಲ್ಲಿ 1911ರಿಂದ 500 ಮೈಲಿಯ ಪಂದ್ಯ ನಡೆಯುತ್ತಿದೆ. ನಮ್ಮ ಲೆಕ್ಕದಲ್ಲಿ ಅದು ಸುಮಾರು 805 ಕಿಲೋಮೀಟರ್. ಕಾರುಗಳು 200 ಸುತ್ತು ಹಾಕಬೇಕು. 1914ರ ಪಂದ್ಯದಲ್ಲಿ ಎಡ್ಡಿ ರಿಕನ್‌ಬ್ಯಾಕರ್ ಎಂಬ ತರುಣನು ಡ್ಯೂಸೆನ್‌ಬರ್ಗ್ ಕಾರನ್ನು ಓಡಿಸಿ ಹತ್ತನೆಯವನಾಗಿ ಬಂದನು. ಅದೇ ತರುಣನು ಮುಂದೆ ಮೊದಲನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿ ಅಮೆರಿಕದ ವೀರನೆನಿಸಿಕೊಂಡನು.

ಯುದ್ಧ ಬಂದಾಗ ಕಾರುಗಳ ಕೆಲಸ ಹಿಂದೆ ಸರಿಯಿತು. ಅಣ್ಣತಮ್ಮಂದಿರು ನ್ಯೂಜೆರ್ಸಿ ರಾಜ್ಯದ ಎಲಿಜಬೆತ್ ನಗರದ ಕಾರ್ಖಾನೆಯಲ್ಲಿ ವಿಮಾನಗಳ ಎಂಜಿನ್ ತಯಾರಿಕೆಯಲ್ಲಿ ತೊಡಗಿದರು. ಆಕಾಶದಲ್ಲಿ ಎಂಜಿನ್ ಕೆಟ್ಟರೆ ಬದಿಗೆ ನಿಲ್ಲಿಸಿ ನೋಡಲು ಆಗುವುದಿಲ್ಲ. ಆದ್ದರಿಂದ ಅದರ ಒಂದೊಂದು ಭಾಗವೂ ಕೂದಲೆಳೆಯಷ್ಟು ತಪ್ಪಿಲ್ಲದೆ ಇರಬೇಕು. ಆ ಶಿಸ್ತನ್ನು ಅವರು ಅಲ್ಲಿ ರೂಢಿಸಿಕೊಂಡರು. 1918ರಲ್ಲಿ ಯುದ್ಧ ಮುಗಿಯಿತು. ಮರುವರ್ಷ ಆ ಕಾರ್ಖಾನೆ ಬೇರೆಯವರ ಪಾಲಾಯಿತು.

1920ರಲ್ಲಿ ಇಬ್ಬರು ಬಂಡವಾಳಗಾರರು ಹೊಸದೊಂದು ಡ್ಯೂಸೆನ್‌ಬರ್ಗ್ ಕಂಪನಿಯನ್ನು ಕಟ್ಟಿದರು. ಕಾರ್ಖಾನೆಗೆ ಇಂಡಿಯಾನಾಪೊಲಿಸ್ ನಗರವನ್ನೇ ಆರಿಸಿಕೊಂಡರು. ಕಂಪನಿಯ ಬಾಗಿಲ ಮೇಲೆ ಅಣ್ಣತಮ್ಮಂದಿರ ಹೆಸರಿತ್ತು. ಆದರೆ ಅವರು ಅದರ ಒಡೆಯರಲ್ಲ, ಸಂಬಳ ಪಡೆಯುವ ಎಂಜಿನಿಯರುಗಳು. ಫ್ರೆಡ್ ಮುಖ್ಯ ಎಂಜಿನಿಯರ್, ಆಗಸ್ಟ್ ಅವನ ಸಹಾಯಕ.

ಅದೇ ವರ್ಷ ಟಾಮಿ ಮಿಲ್ಟನ್ ಎಂಬ ಚಾಲಕನು ಫ್ಲಾರಿಡಾದ ಡೇಟೋನಾ ಕಡಲತೀರದ ಮರಳಿನ ಮೇಲೆ ಎರಡು ಎಂಜಿನ್ನುಗಳ ಡ್ಯೂಸೆನ್‌ಬರ್ಗ್ ಕಾರನ್ನು ಓಡಿಸಿದನು. ಅದು ಗಂಟೆಗೆ 156 ಮೈಲಿ, ಅಂದರೆ ಸುಮಾರು 251 ಕಿಲೋಮೀಟರ್ ವೇಗವನ್ನು ಮುಟ್ಟಿತು. ಅಲ್ಲಿಯವರೆಗೆ ನೆಲದ ಮೇಲೆ ಅಷ್ಟು ವೇಗವಾಗಿ ಓಡಿದ ಅಮೆರಿಕದ ಕಾರು ಇರಲಿಲ್ಲ.

1920ರ ನವೆಂಬರ್‌ನಲ್ಲಿ ಫ್ರೆಡ್ ರೂಪಿಸಿದ ಹೊಸ ಕಾರನ್ನು ನ್ಯೂಯಾರ್ಕ್ ನಗರದಲ್ಲಿ ಪ್ರದರ್ಶನಕ್ಕೆ ಇಟ್ಟರು. ಇದು ಪಂದ್ಯಕ್ಕಲ್ಲ, ಜನರು ಕೊಂಡು ಓಡಿಸುವ ಕಾರು. ಮುಂದೆ ಇದಕ್ಕೆ ಮಾಡೆಲ್ ಎ ಎಂಬ ಹೆಸರಾಯಿತು. ಕಾರಿನ ಎಂಜಿನ್ನಿನಲ್ಲಿ ಸಿಲಿಂಡರ್ ಎಂಬ ಉಕ್ಕಿನ ಕೊಳವೆಗಳಿರುತ್ತವೆ. ಅವುಗಳೊಳಗೆ ಪೆಟ್ರೋಲು ಮತ್ತು ಗಾಳಿ ಸೇರಿ ಉರಿದಾಗ ಹುಟ್ಟುವ ಬಲವೇ ಚಕ್ರವನ್ನು ತಿರುಗಿಸುತ್ತದೆ. ಈ ಕಾರಿನಲ್ಲಿ ಎಂಟು ಸಿಲಿಂಡರುಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಒಂದೇ ಸಾಲಿನಲ್ಲಿದ್ದವು.

ಇದರ ಬ್ರೇಕು ಇನ್ನೂ ಹೊಸತು. ಎರಡು ಇಂಜೆಕ್ಷನ್ ಕೊಳವೆಗಳಲ್ಲಿ ನೀರು ತುಂಬಿ, ಅವುಗಳ ಬಾಯಿಗಳನ್ನು ಸಣ್ಣ ನಳಿಕೆಯಿಂದ ಜೋಡಿಸಿ ನೋಡಿ. ಒಂದರ ಹಿಡಿಕೆಯನ್ನು ಒತ್ತಿದರೆ ಇನ್ನೊಂದರ ಹಿಡಿಕೆ ತಾನಾಗಿಯೇ ಹೊರಬರುತ್ತದೆ. ದ್ರವವು ಒತ್ತಡವನ್ನು ಆ ತುದಿಗೆ ಮುಟ್ಟಿಸುತ್ತದೆ. ಹಳೆಯ ಕಾರುಗಳಲ್ಲಿ ಕಂಬಿ ಮತ್ತು ತಂತಿಗಳು ಬ್ರೇಕನ್ನು ಎಳೆಯುತ್ತಿದ್ದವು. ಒಂದು ಕಂಬಿ ಸಡಿಲವಾದರೂ ಒಂದು ಚಕ್ರ ಬೇಗ ನಿಂತು ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ದ್ರವದ ಬ್ರೇಕಿನಲ್ಲಿ ಚಾಲಕನ ಕಾಲಿನ ಒತ್ತಡವು ನಾಲ್ಕೂ ಚಕ್ರಗಳಿಗೆ ಒಮ್ಮೆಲೇ ತಲುಪುತ್ತದೆ.

ನ್ಯೂಯಾರ್ಕಿನಲ್ಲಿ ಕಾರನ್ನು ನೋಡಿದವರು ಮೆಚ್ಚಿದರು. ಕೊಳ್ಳಲು ಹಲವರು ಮುಂದೆ ಬಂದರು. ಆದರೆ ಫ್ರೆಡ್‌ಗೆ ತೃಪ್ತಿಯಿರಲಿಲ್ಲ. ಎಂಜಿನ್ನಿನ ಕವಾಟಗಳ ಜೋಡಣೆ ಇನ್ನೂ ಚೆನ್ನಾಗಿ ಇರಬೇಕೆಂದು ಅವನಿಗೆ ಅನ್ನಿಸಿತು. ಪ್ರದರ್ಶನ ಮುಗಿದ ಮೇಲೆ ಅವನು ಅದನ್ನು ಬಿಚ್ಚಿ ಮತ್ತೆ ಹೊಸದಾಗಿ ರೂಪಿಸಿದನು. ಎಂಜಿನ್ ಮೊದಲಿಗಿಂತ ಉತ್ತಮವಾಯಿತು. ಅಷ್ಟರಲ್ಲಿ ತಿಂಗಳುಗಳು ಉರುಳಿದವು. ಕಾರ್ಖಾನೆಯ ಕೆಲಸವೂ ತಡವಾಯಿತು. ಕಾರು ಕೊಳ್ಳುವವರ ಕೈಗೆ ಸಿಗುವಷ್ಟರಲ್ಲಿ 1921ನೆಯ ಇಸವಿ ಮುಗಿಯುತ್ತ ಬಂದಿತ್ತು. ಕಾದು ಬೇಸತ್ತ ಅನೇಕರು ಬೇರೆ ಕಾರುಗಳನ್ನು ಕೊಂಡಿದ್ದರು. ಸರಿಯಾಗುವವರೆಗೆ ಬಿಡಬಾರದೆಂಬ ಗುಣವೇ ಫ್ರೆಡ್‌ನ ಕಾರನ್ನು ಮೇಲೆತ್ತಿತು. ಅದೇ ಗುಣವು ಕಂಪನಿಯ ಹಣದ ಚೀಲವನ್ನು ಬರಿದು ಮಾಡಿತು.

ಈ ನಡುವೆ ಒಂದು ದೊಡ್ಡ ಗೆಲುವು ಬಂದಿತು. 1921ರ ಜುಲೈನಲ್ಲಿ ಫ್ರಾನ್ಸ್ ದೇಶದ ಲ ಮಾನ್ ಎಂಬಲ್ಲಿ ಫ್ರೆಂಚ್ ಗ್ರ್ಯಾಂಡ್ ಪ್ರಿ ಎಂಬ ಪಂದ್ಯ ನಡೆಯಿತು. ಯೂರೋಪಿನ ಕಾರುಗಳೇ ಶ್ರೇಷ್ಠವೆಂದು ಎಲ್ಲರೂ ನಂಬಿದ್ದ ಕಾಲವದು. ಅಮೆರಿಕದಿಂದ ಡ್ಯೂಸೆನ್‌ಬರ್ಗ್ ಕಾರುಗಳು ಹಡಗಿನಲ್ಲಿ ಅಲ್ಲಿಗೆ ಹೋದವು. ಅವುಗಳಿಗೆ ನಾಲ್ಕೂ ಚಕ್ರಗಳಲ್ಲಿ ದ್ರವದ ಬ್ರೇಕುಗಳಿದ್ದವು. ಜಿಮ್ಮಿ ಮರ್ಫಿ ಎಂಬ ಚಾಲಕನು ಪಂದ್ಯಕ್ಕೆ ಮೊದಲು ಅಭ್ಯಾಸ ಮಾಡುವಾಗ ಕಾರು ಉರುಳಿ ಗಾಯಗೊಂಡನು. ಪಂದ್ಯದ ದಿನ ಮೈಗೆ ಪಟ್ಟಿ ಕಟ್ಟಿಕೊಂಡೇ ಕಾರಿನಲ್ಲಿ ಕುಳಿತನು.

ಆ ರಸ್ತೆ ನುಣುಪಾದುದಲ್ಲ. ಚಕ್ರಗಳ ಅಡಿಯಿಂದ ಜಲ್ಲಿಕಲ್ಲುಗಳು ಗುಂಡಿನಂತೆ ಸಿಡಿಯುತ್ತಿದ್ದವು. ತಿರುವುಗಳು ಬಂದಾಗ ಬೇರೆ ಚಾಲಕರು ಬಹಳ ಮೊದಲೇ ವೇಗ ತಗ್ಗಿಸಬೇಕಾಗಿತ್ತು. ಮರ್ಫಿ ಮಾತ್ರ ತಿರುವಿನ ಹತ್ತಿರದವರೆಗೂ ವೇಗವಾಗಿ ಹೋಗಿ, ಆಮೇಲೆ ಬ್ರೇಕು ಹಾಕುತ್ತಿದ್ದನು. ನಿಲ್ಲುವ ಶಕ್ತಿಯಿದ್ದುದರಿಂದಲೇ ಅವನಿಗೆ ಓಡುವ ಧೈರ್ಯ ಬಂದಿತ್ತು. ಪಂದ್ಯದ ಕೊನೆಯಲ್ಲಿ ಒಂದು ಕಲ್ಲು ಅವನ ಕಾರಿನ ರೇಡಿಯೇಟರನ್ನು ತೂತು ಮಾಡಿತು. ಎಂಜಿನ್ನನ್ನು ತಂಪಾಗಿಡುವ ನೀರೆಲ್ಲ ಸೋರಿಹೋಯಿತು. ಒಂದು ಟೈರಿನ ಗಾಳಿಯೂ ಹೋಯಿತು. ಆದರೂ ಕಾರು ನಿಲ್ಲಲಿಲ್ಲ. ಸುಮಾರು 517 ಕಿಲೋಮೀಟರ್ ಓಡಿ ಮೊದಲನೆಯದಾಗಿ ಗುರಿ ಮುಟ್ಟಿತು. ಎರಡನೆಯವನಾಗಿ ಬಂದ ರಾಲ್ಫ್ ಡಿಪಾಲ್ಮಾ ಅವನಿಗಿಂತ ಸುಮಾರು 15 ನಿಮಿಷ ಹಿಂದಿದ್ದನು. ಅಮೆರಿಕದ ಚಾಲಕನು ಅಮೆರಿಕದ ಕಾರಿನಲ್ಲಿ ಯೂರೋಪಿನ ಗ್ರ್ಯಾಂಡ್ ಪ್ರಿಯನ್ನು ಗೆದ್ದುದು ಅದೇ ಮೊದಲು. ಅಂತಹ ಇನ್ನೊಂದು ಗೆಲುವಿಗೆ ಅಮೆರಿಕವು 1967ರವರೆಗೆ ಕಾಯಬೇಕಾಯಿತು.

ಇಂಡಿಯಾನಾಪೊಲಿಸ್ ಪಂದ್ಯದಲ್ಲಿಯೂ ಡ್ಯೂಸೆನ್‌ಬರ್ಗ್ ಮೇಲೆ ಬಂದಿತು. ಕುಲುಮೆಯಲ್ಲಿ ಕಮ್ಮಾರನು ತಿದಿ ಒತ್ತಿದಾಗ ಬೆಂಕಿ ಜೋರಾಗುವುದನ್ನು ನೀವು ಕಂಡಿರಬಹುದು. ಅದೇ ರೀತಿ ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿಯನ್ನು ನೂಕುವ ಯಂತ್ರಕ್ಕೆ ಸೂಪರ್‌ಚಾರ್ಜರ್ ಎಂದು ಹೆಸರು. ಅಣ್ಣತಮ್ಮಂದಿರು 1924ರಲ್ಲಿ ಅದನ್ನು ತಮ್ಮ ಪಂದ್ಯದ ಕಾರಿಗೆ ಅಳವಡಿಸಿದರು. ಆ ವರ್ಷ ಕೋರಮ್ ಎಂಬುವನು ಓಡಿಸಲು ಆರಂಭಿಸಿದ ಕಾರನ್ನು ಜೋ ಬಾಯರ್ ಎಂಬುವನು ನಡುವೆ ವಹಿಸಿಕೊಂಡು ಗೆಲುವಿಗೆ ತಂದನು. 1925ರಲ್ಲಿ ಪೀಟರ್ ಡಿಪಾವ್ಲೊ ಗೆದ್ದನು. ಅವನು ಲ ಮಾನ್‌ನಲ್ಲಿ ಎರಡನೆಯವನಾಗಿ ಬಂದ ಡಿಪಾಲ್ಮಾನ ಸೋದರಳಿಯ. ಚಕ್ರ ಹಿಡಿದು ಹಿಡಿದು ಅವನ ಅಂಗೈಗಳಲ್ಲಿ ಬೊಬ್ಬೆಗಳೆದ್ದವು. ಸ್ವಲ್ಪ ಹೊತ್ತು ಬೇರೊಬ್ಬನಿಗೆ ಕಾರು ಕೊಟ್ಟು, ಕೈಗೆ ಪಟ್ಟಿ ಕಟ್ಟಿಸಿಕೊಂಡು ಮತ್ತೆ ಬಂದು ಕುಳಿತನು. ಆ ಪಂದ್ಯದಲ್ಲಿ ಸರಾಸರಿ ವೇಗವು ಮೊದಲ ಬಾರಿಗೆ ಗಂಟೆಗೆ 100 ಮೈಲಿಯನ್ನು ದಾಟಿತು. 1927ರಲ್ಲಿ ಜಾರ್ಜ್ ಸೌಡರ್ಸ್ ಡ್ಯೂಸೆನ್‌ಬರ್ಗ್‌ಗೆ ಮತ್ತೊಂದು ಗೆಲುವನ್ನು ತಂದುಕೊಟ್ಟನು.

ಪಂದ್ಯಗಳು ಅಪಾಯದ ಆಟವೂ ಆಗಿದ್ದವು. ಲ ಮಾನ್‌ನ ವೀರ ಮರ್ಫಿ ಮತ್ತು ಜೋ ಬಾಯರ್ ಇಬ್ಬರೂ 1924ರಲ್ಲಿಯೇ ಬೇರೆ ಬೇರೆ ಪಂದ್ಯಗಳಲ್ಲಿ ಪ್ರಾಣ ಕಳೆದುಕೊಂಡರು.

ಪಂದ್ಯದ ಹಾದಿಯಲ್ಲಿ ಗೆಲುವು, ಅಂಗಡಿಯಲ್ಲಿ ಸೋಲು. ಡ್ಯೂಸೆನ್‌ಬರ್ಗ್‌ನ ಸ್ಥಿತಿ ಹೀಗಿತ್ತು. ಮಾಡೆಲ್ ಎ ಕಾರುಗಳು ಕೆಲವು ವರ್ಷಗಳಲ್ಲಿ ಸುಮಾರು 650 ಮಾತ್ರ ತಯಾರಾದವು. ಅದೇ ಕಾಲದಲ್ಲಿ ಹೆನ್ರಿ ಫೋರ್ಡ್‌ನ ಕಾರ್ಖಾನೆಯಿಂದ ವರ್ಷಕ್ಕೆ ಲಕ್ಷಗಟ್ಟಲೆ ಕಾರುಗಳು ಹೊರಬರುತ್ತಿದ್ದವು. ಹೆಚ್ಚು ಸಂಖ್ಯೆಯಲ್ಲಿ ಮಾಡಿದರೆ ಒಂದೊಂದರ ಖರ್ಚು ಕಡಿಮೆಯಾಗುತ್ತದೆ. ಫ್ರೆಡ್‌ನ ಕಾರು ಕೈಕೆಲಸದಂತೆ ನಿಧಾನವಾಗಿ, ಹೆಚ್ಚಿನ ಖರ್ಚಿನಲ್ಲಿ ಸಿದ್ಧವಾಗುತ್ತಿತ್ತು. 1924ರಲ್ಲಿ ಕಂಪನಿಯು ಸಾಲ ತೀರಿಸಲಾಗದೆ ನ್ಯಾಯಾಲಯದ ಮೇಲ್ವಿಚಾರಣೆಗೆ ಒಳಗಾಯಿತು. ಮರುವರ್ಷ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರೂ ಅದು ಚೇತರಿಸಿಕೊಳ್ಳಲಿಲ್ಲ.

ಆಗ ಎರೆಟ್ ಲಾಬನ್ ಕಾರ್ಡ್ ಎಂಬ ತರುಣ ಉದ್ಯಮಿ ಮುಂದೆ ಬಂದನು. ಅವನು ಮೊದಲು ಕಾರುಗಳನ್ನು ಮಾರುತ್ತಿದ್ದವನು. ಮುಳುಗುತ್ತಿದ್ದ ಆಬರ್ನ್ ಎಂಬ ಕಾರು ಕಂಪನಿಯನ್ನು ದಡ ಸೇರಿಸಿ ಹೆಸರು ಮಾಡಿದ್ದನು. 1926ರಲ್ಲಿ ಅವನು ಡ್ಯೂಸೆನ್‌ಬರ್ಗ್ ಕಂಪನಿಯನ್ನು ಕೊಂಡನು. ಫ್ರೆಡ್‌ನನ್ನು ಕಂಪನಿಯ ಉಪಾಧ್ಯಕ್ಷನನ್ನಾಗಿ ಮಾಡಿ, ಜಗತ್ತಿನಲ್ಲೇ ಅತಿ ಶ್ರೇಷ್ಠವಾದ ಕಾರನ್ನು ರೂಪಿಸುವಂತೆ ಹೇಳಿದನು. ಖರ್ಚಿನ ಚಿಂತೆಯಿಲ್ಲದೆ ಕೆಲಸ ಮಾಡುವ ಅವಕಾಶ ಫ್ರೆಡ್‌ಗೆ ಈಗ ಸಿಕ್ಕಿತು. ತಮ್ಮ ಆಗಸ್ಟ್ ಪಂದ್ಯದ ಕಾರುಗಳ ಕೆಲಸವನ್ನು ಬೇರೆಯಾಗಿ ಮುಂದುವರಿಸಿದನು.

1928ರ ಡಿಸೆಂಬರ್ 1ರಂದು ನ್ಯೂಯಾರ್ಕಿನ ಪ್ರದರ್ಶನದಲ್ಲಿ ಹೊಸ ಕಾರು ಕಾಣಿಸಿಕೊಂಡಿತು. ಅದರ ಹೆಸರು ಮಾಡೆಲ್ ಜೆ. ಅದರ ಎಂಜಿನ್ನಿನಲ್ಲಿ ಎಂಟು ಸಿಲಿಂಡರುಗಳು. ಒಂದೊಂದು ಸಿಲಿಂಡರಿಗೂ ನಾಲ್ಕು ಕವಾಟಗಳಂತೆ ಒಟ್ಟು 32 ಕವಾಟಗಳು. ಅದರ ಶಕ್ತಿ 265 ಅಶ್ವಶಕ್ತಿ ಎಂದು ಕಂಪನಿ ಸಾರಿತು. ಆ ಕಾಲದ ಅಮೆರಿಕದ ಬೇರೆ ಯಾವ ಕಾರಿಗೂ ಅಷ್ಟು ಶಕ್ತಿಯಿರಲಿಲ್ಲ. ದೊಡ್ಡ ದೇಹದ ಆ ಕಾರು ಗಂಟೆಗೆ ಸುಮಾರು 190 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದಾಗಿತ್ತು. ಚಾಲಕನ ಮುಂದಿನ ಫಲಕದಲ್ಲಿ ಹಲವು ಗಡಿಯಾರಗಳಂತಹ ಮಾಪಕಗಳಿದ್ದವು. ಎಂಜಿನ್ ಎಣ್ಣೆಯನ್ನು ಬದಲಿಸುವ ಸಮಯ ಬಂದರೆ ಒಂದು ದೀಪ, ಬ್ಯಾಟರಿಯ ನೀರನ್ನು ನೋಡಬೇಕಾದರೆ ಇನ್ನೊಂದು ದೀಪ ತಾನಾಗಿಯೇ ಹೊತ್ತಿಕೊಳ್ಳುತ್ತಿತ್ತು.

ಕಾರ್ಖಾನೆಯಲ್ಲಿ ಎಂಜಿನ್, ಚಕ್ರ, ಬ್ರೇಕುಗಳಿರುವ ಕೆಳಭಾಗವನ್ನು ಮಾತ್ರ ಜೋಡಿಸುತ್ತಿದ್ದರು. ಇದಕ್ಕೆ ಚಾಸಿ ಎನ್ನುತ್ತಾರೆ. ಅದನ್ನು ಇಂಡಿಯಾನಾಪೊಲಿಸ್‌ನ ಪಂದ್ಯದ ಹಾದಿಯಲ್ಲಿ ಓಡಿಸಿ ಪರೀಕ್ಷಿಸುತ್ತಿದ್ದರು. ಕೊಂಡವರು ತಮಗೆ ಬೇಕಾದ ಮೇಲುದೇಹವನ್ನು ಬೇರೆ ಕುಶಲಕರ್ಮಿಗಳಿಂದ ಕಟ್ಟಿಸಿಕೊಳ್ಳುತ್ತಿದ್ದರು. ಆದ್ದರಿಂದ ಒಂದು ಡ್ಯೂಸೆನ್‌ಬರ್ಗ್ ಇನ್ನೊಂದರಂತೆ ಇರುತ್ತಿರಲಿಲ್ಲ. ಬರಿಯ ಚಾಸಿಯ ಬೆಲೆಯೇ 8,500 ಡಾಲರ್. ಆ ಹಣದಲ್ಲಿ ಸಾಮಾನ್ಯ ಫೋರ್ಡ್ ಕಾರುಗಳನ್ನು ಹದಿನೈದಕ್ಕಿಂತ ಹೆಚ್ಚು ಕೊಳ್ಳಬಹುದಿತ್ತು. ಸಿನಿಮಾ ನಟರು, ದೊಡ್ಡ ವ್ಯಾಪಾರಿಗಳು, ರಾಜರು ಇದನ್ನು ಕೊಂಡರು. ಅಹಿಲ್ಯಾಬಾಯಿ ಹೋಳ್ಕರರ ಹೆಸರನ್ನು ನೀವು ಕೇಳಿದ್ದೀರಿ. ಅದೇ ಮನೆತನದ ಇಂದೂರಿನ ಮಹಾರಾಜ ಯಶವಂತರಾವ್ ಹೋಳ್ಕರರೂ 1930ರ ದಶಕದಲ್ಲಿ ಒಂದು ಡ್ಯೂಸೆನ್‌ಬರ್ಗನ್ನು ತರಿಸಿಕೊಂಡರು. ಅದರ ಮೇಲುದೇಹವನ್ನು ಲಂಡನ್ನಿನ ಗರ್ನಿ ನಟಿಂಗ್ ಎಂಬ ಕಂಪನಿ ಕಟ್ಟಿಕೊಟ್ಟಿತು.

ವರ್ಷಕ್ಕೆ 500 ಕಾರುಗಳನ್ನು ಮಾರಬೇಕೆಂಬುದು ಕಾರ್ಡ್‌ನ ಯೋಜನೆಯಾಗಿತ್ತು. ಆದರೆ 1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರು ಮಾರುಕಟ್ಟೆ ಕುಸಿಯಿತು. ಬ್ಯಾಂಕುಗಳು ಮುಚ್ಚಿದವು. ಕಾರ್ಖಾನೆಗಳು ಬಾಗಿಲು ಹಾಕಿದವು. 1933ರ ಹೊತ್ತಿಗೆ ಅಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಜನರು ರೊಟ್ಟಿಗಾಗಿ ಬೀದಿಗಳಲ್ಲಿ ಸಾಲುಗಟ್ಟಿ ನಿಂತರು. ಇದನ್ನು ಮಹಾ ಆರ್ಥಿಕ ಕುಸಿತ ಎಂದು ಕರೆಯುತ್ತಾರೆ. ಅಂತಹ ಕಾಲದಲ್ಲಿ ಮನೆಗಳಿಗಿಂತ ಹೆಚ್ಚು ಬೆಲೆಯ ಕಾರನ್ನು ಕೊಳ್ಳುವವರು ಎಷ್ಟು ಮಂದಿ? ಹಣವಿದ್ದವರೂ ಹಸಿದ ಜನರ ನಡುವೆ ಅಂತಹ ಕಾರಿನಲ್ಲಿ ಓಡಾಡಲು ಹಿಂಜರಿದರು. ಜಗತ್ತಿನ ಒಳ್ಳೆಯ ಕಾರುಗಳಲ್ಲಿ ಒಂದು ಬಹಳ ಕೆಟ್ಟ ಹೊತ್ತಿನಲ್ಲಿ ಹುಟ್ಟಿತ್ತು.

ಫ್ರೆಡ್ ಕೆಲಸ ನಿಲ್ಲಿಸಲಿಲ್ಲ. ಪಂದ್ಯದ ಕಾರಿನಲ್ಲಿ ಪರೀಕ್ಷಿಸಿದ ಸೂಪರ್‌ಚಾರ್ಜರನ್ನು ಅವನು ಮಾಡೆಲ್ ಜೆಗೂ ಅಳವಡಿಸಿದನು. 1932ರಲ್ಲಿ ಹೊರಬಂದ ಈ ಕಾರನ್ನು ಎಸ್‌ಜೆ ಎಂದು ಕರೆದರು. ಅದಕ್ಕೆ 320 ಅಶ್ವಶಕ್ತಿಯ ಬಲವಿತ್ತು.

1932ರ ಜುಲೈ 2ರಂದು ಫ್ರೆಡ್ ಅಂತಹುದೇ ಒಂದು ಕಾರನ್ನು ತಾನೇ ಓಡಿಸುತ್ತ ನ್ಯೂಯಾರ್ಕಿನಿಂದ ಇಂಡಿಯಾನಾಪೊಲಿಸ್‌ಗೆ ಹೊರಟಿದ್ದನು. ಪೆನ್ಸಿಲ್ವೇನಿಯಾ ರಾಜ್ಯದ ಜಾನ್ಸ್‌ಟೌನ್ ನಗರದ ಹತ್ತಿರ ಬೆಟ್ಟದ ರಸ್ತೆ. ಮಳೆಯಿಂದ ನೆಲ ಒದ್ದೆಯಾಗಿತ್ತು. ಕಾರು ಹತೋಟಿ ತಪ್ಪಿ ಉರುಳಿತು. ಗಾಯಗೊಂಡ ಫ್ರೆಡ್‌ನನ್ನು ಜಾನ್ಸ್‌ಟೌನಿನ ಆಸ್ಪತ್ರೆಗೆ ಸೇರಿಸಿದರು. ಕೆಲವು ದಿನ ಅವನು ಚೇತರಿಸಿಕೊಳ್ಳುತ್ತಿರುವಂತೆ ಕಂಡಿತು. ಆಮೇಲೆ ನ್ಯುಮೋನಿಯಾ ಕಾಣಿಸಿಕೊಂಡಿತು. ಆಗ ಆ ರೋಗಕ್ಕೆ ಇಂದಿನಂತಹ ಔಷಧಿಗಳಿರಲಿಲ್ಲ. ಜುಲೈ 26ರಂದು ಅವನು ತೀರಿಕೊಂಡನು. ಅವನಿಗೆ 55 ವರ್ಷ ವಯಸ್ಸಾಗಿತ್ತು.

ಫ್ರೆಡ್ ಹೋದ ಮೇಲೂ ಕಂಪನಿ ಐದು ವರ್ಷ ಕುಂಟುತ್ತ ನಡೆಯಿತು. 1935ರಲ್ಲಿ ಆಬ್ ಜೆಂಕಿನ್ಸ್ ಎಂಬ ಚಾಲಕನು ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಒಂದು ಡ್ಯೂಸೆನ್‌ಬರ್ಗನ್ನು 24 ಗಂಟೆ ಓಡಿಸಿ, ಗಂಟೆಗೆ ಸರಾಸರಿ 218 ಕಿಲೋಮೀಟರ್ ವೇಗದ ದಾಖಲೆ ಮಾಡಿದನು. ಆ ಕಾರನ್ನು ಸಿದ್ಧಗೊಳಿಸಲು ನೆರವಾದವನು ಆಗಸ್ಟ್. ಅಣ್ಣನ ಎಂಜಿನ್ ಎಷ್ಟು ಗಟ್ಟಿಯೆಂಬುದನ್ನು ತಮ್ಮನು ಜಗತ್ತಿಗೆ ತೋರಿಸಿದನು. ಆದರೆ ದಾಖಲೆಗಳಿಂದ ಸಂಬಳ ಕೊಡಲು ಆಗುವುದಿಲ್ಲ. 1937ರಲ್ಲಿ ಕಾರ್ಡ್‌ನ ಉದ್ಯಮಗಳು ಕುಸಿದವು. ಡ್ಯೂಸೆನ್‌ಬರ್ಗ್ ಕಾರ್ಖಾನೆ ಮುಚ್ಚಿತು. ಕೆಲಸಗಾರರು ಬೇರೆ ದಾರಿ ನೋಡಿಕೊಂಡರು. ಮಾಡೆಲ್ ಜೆ ಮತ್ತು ಅದರ ಬಳಗದ ಕಾರುಗಳು ಎಲ್ಲ ವರ್ಷಗಳೂ ಸೇರಿ ಸುಮಾರು 480 ತಯಾರಾಗಿದ್ದವು. ಅಂದರೆ ಒಂದೇ ವರ್ಷದಲ್ಲಿ ಮಾರಬೇಕೆಂದುಕೊಂಡಷ್ಟು ಸಂಖ್ಯೆಯೂ ಆಗಲಿಲ್ಲ.

ಆಗಸ್ಟ್ 1955ರಲ್ಲಿ ತೀರಿಕೊಂಡನು. 1966ರಲ್ಲಿ ಅವನ ಮಗನು ಆ ಹೆಸರನ್ನು ಮತ್ತೆ ಎತ್ತಿ ನಿಲ್ಲಿಸಲು ಪ್ರಯತ್ನಿಸಿದನು. ಮಾದರಿಯಾಗಿ ಒಂದು ಕಾರು ಸಿದ್ಧವಾಯಿತು. ಅದು ಮಾರುಕಟ್ಟೆಗೆ ಬರಲಿಲ್ಲ.

ಕಂಪನಿ ಮುಚ್ಚಿದ ಹೊಸತರಲ್ಲಿ ಹಳೆಯ ಡ್ಯೂಸೆನ್‌ಬರ್ಗ್‌ಗಳನ್ನು ಕೇಳುವವರು ಕಡಿಮೆ. ಕೆಲವು ಕಾರುಗಳು ಕೆಲವೇ ನೂರು ಡಾಲರಿಗೆ ಮಾರಾಟವಾದವು. ಆದರೆ ಅವು ಬೇಗ ಸವೆಯಲಿಲ್ಲ, ಮುರಿಯಲಿಲ್ಲ. ನಿಧಾನವಾಗಿ ಜನರಿಗೆ ಅವುಗಳ ಬೆಲೆ ತಿಳಿಯಿತು. ಅವುಗಳಲ್ಲಿ ಬಹುಪಾಲು ಕಾರುಗಳು ಇಂದಿಗೂ ಉಳಿದಿವೆ. ನಟ ಗ್ಯಾರಿ ಕೂಪರ್ ಓಡಿಸುತ್ತಿದ್ದ 1935ರ ಡ್ಯೂಸೆನ್‌ಬರ್ಗ್ ಕಾರು 2018ರ ಹರಾಜಿನಲ್ಲಿ 2 ಕೋಟಿ 20 ಲಕ್ಷ ಡಾಲರಿಗೆ ಮಾರಾಟವಾಯಿತು. ಅಲ್ಲಿಯವರೆಗೆ ಅಮೆರಿಕದ ಬೇರೆ ಯಾವ ಕಾರಿಗೂ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ. ಇಂಡಿಯಾನಾ ರಾಜ್ಯದ ಆಬರ್ನ್ ಪಟ್ಟಣದಲ್ಲಿ ಈ ಕಾರುಗಳಿಗಾಗಿಯೇ 1974ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆಯಿತು.

ಆ ಕಾರುಗಳನ್ನು ನೋಡಲು ಅಷ್ಟು ದೂರ ಹೋಗಲು ನಮಗೆ ಆಗದಿರಬಹುದು. ಆದರೆ ಫ್ರೆಡ್‌ನ ಕೆಲಸ ನಮ್ಮ ಊರಿನ ರಸ್ತೆಯಲ್ಲಿಯೂ ಇದೆ. ಕಾಲಕ್ರಮದಲ್ಲಿ ಎಲ್ಲ ಕಾರುಗಳಿಗೂ ದ್ರವದ ಬ್ರೇಕು ಬಂದಿತು. ಸಿಲಿಂಡರಿಗೆ ನಾಲ್ಕು ಕವಾಟಗಳ ಎಂಜಿನ್ ಈಗ ಸಾಮಾನ್ಯ ಕಾರುಗಳಲ್ಲೂ ಇದೆ. ಸಿರಿವಂತರ ಕಾರಿನಲ್ಲಿ ಮೊದಲು ಕಂಡ ಸೌಕರ್ಯಗಳು ಬಾಡಿಗೆ ಜೀಪಿಗೂ ಬಂದಿವೆ. ಮಾಡಿದವನ ಕಂಪನಿ ಮುಚ್ಚಿತು. ಮಾಡಿದ ಕೆಲಸ ಮಾತ್ರ ಉಳಿಯಿತು. ಮುಂದಿನ ಬಾರಿ ಶಾಲೆಯ ಬಳಿ ರಸ್ತೆ ದಾಟುವಾಗ ನಿಮಗಾಗಿ ಒಂದು ಕಾರು ನಿಂತರೆ, ಅದರ ಚಕ್ರಗಳ ಕಡೆಗೆ ಒಮ್ಮೆ ನೋಡಿ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಫ್ರೆಡ್ ಎಲ್ಲಿ ಮತ್ತು ಯಾವಾಗ ಹುಟ್ಟಿದನು?
2. ಫ್ರೆಡ್ ರೂಪಿಸಿದ ಮೊದಲ ಕಾರಿಗೆ ಯಾರ ಹೆಸರು ಇಟ್ಟರು?
3. 1921ರ ಫ್ರೆಂಚ್ ಗ್ರ್ಯಾಂಡ್ ಪ್ರಿ ಪಂದ್ಯವನ್ನು ಯಾರು ಗೆದ್ದರು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ದ್ರವದ ಬ್ರೇಕು ಹೇಗೆ ಕೆಲಸ ಮಾಡುತ್ತದೆ?
2. ಮಾಡೆಲ್ ಎ ಕಾರು ಕೊಳ್ಳುವವರ ಕೈಸೇರಲು ಏಕೆ ತಡವಾಯಿತು?
3. ಡ್ಯೂಸೆನ್‌ಬರ್ಗ್ ಕಾರ್ಖಾನೆ ಮುಚ್ಚಲು ಕಾರಣಗಳೇನು?

ಇ) ಯೋಚಿಸಿ ಹೇಳಿರಿ.
ಕೆಲಸವು ಪೂರ್ತಿ ಸರಿಯಾಗುವವರೆಗೆ ಕಾಯಬೇಕೇ ಅಥವಾ ಹೇಳಿದ ಸಮಯಕ್ಕೆ ಮುಗಿಸಬೇಕೇ? ನಿಮ್ಮ ಊರಿನ ಬಡಗಿ, ಕಮ್ಮಾರ ಅಥವಾ ದರ್ಜಿಯನ್ನು ಕೇಳಿ ತಿಳಿದು, ತರಗತಿಯಲ್ಲಿ ಚರ್ಚಿಸಿರಿ.